ಹೆಸರಿಗೆ ಬರೆಸದ ನೀರು

ನೆಲ್ಸನ್
೯ ಫೆಬ್ರುವರಿ ೨೦೨೫, ಭಾನುವಾರ

ಮುದ್ದು ತೇಜೂಗೆ ಅಮ್ಮನಿಂದ ಮೊದಲು ಒಂದು ಮುತ್ತು, ಆಮೇಲೆ ಒಂದು ತಪ್ಪೊಪ್ಪಿಗೆ.

ನೀನು ವಾಟ್ಸಪ್‌ನಲ್ಲಿ ಪ್ರಶ್ನೆ ಕೇಳಿ ಇವತ್ತಿಗೆ ಹದಿನೆಂಟು ದಿನವಾಯಿತು. ನಾನು ಓದಿದ್ದೇನೆ ಎಂದು ಆ ಹಾಳು ನೀಲಿ ಗುರುತು ನಿನಗೆ ಅವತ್ತೇ ಚಾಡಿ ಹೇಳಿರುತ್ತದೆ. ನಡುವೆ ಎರಡು ಸಲ ಫೋನಿನಲ್ಲಿ ಮಾತಾಡಿದೆವು. ಎರಡು ಸಲವೂ ನಾನು ಬೇಕೆಂದೇ ಹಾಗಲಕಾಯಿ ಗೊಜ್ಜಿನ ವಿಷಯ ತೆಗೆದು ನುಣುಚಿಕೊಂಡೆ. "ಅಮ್ಮಾ, ಆರ್ ಯು ಅವಾಯ್ಡಿಂಗ್ ಮಿ?" ಎಂದು ಕೇಳಿದೆಯಲ್ಲ, ಹೌದು ಕಣೇ, ತಪ್ಪಿಸಿಕೊಂಡೇ ಓಡಾಡುತ್ತಿದ್ದೆ. ಮಗಳಿಂದ ತಪ್ಪಿಸಿಕೊಳ್ಳಲು ಇದೇ ದೇಶದ ಇನ್ನೊಂದು ದ್ವೀಪದಲ್ಲಿ, ಸಮುದ್ರದ ಈಚೆ ದಡದಲ್ಲಿದ್ದರೂ ಸಾಲದು ಎಂದು ಈಗ ಗೊತ್ತಾಯಿತು.

"ಏನೇ, ಬೆರಳಲ್ಲಿ ಒತ್ತಿದ್ರೆ ಹೋಗೋ ಮಾತಿಗೆ ಕಾಗದ ಪೆನ್ನು ಹಿಡ್ಕೊಂಡು ಕೂತಿದ್ಯಲ್ಲ, ಸ್ಟಾಂಪಿನ ರೇಟ್ ಗೊತ್ತಾ ನಿಂಗೆ?" ಎಂದು ನಿಮ್ಮಪ್ಪ ಆಗಲೇ ಒಂದು ಸಲ ಗೊಣಗಿ ಹೋದರು. ಹೋಗಲಿ ಬಿಡು. ಈ ದೇಶಕ್ಕೆ ಬಂದಾಗ ನಿನಗೆ ಏಳು ವರ್ಷ. ಕನ್ನಡ ಮರೆತುಬಿಡುತ್ತೀಯ ಎಂದು ಹೆದರಿ ನಾನು ದಿನವೂ ನಿನ್ನ ಊಟದ ಡಬ್ಬಿಯಲ್ಲಿ ಒಂದು ಚೀಟಿ ಬರೆದಿಡುತ್ತಿದ್ದೆ. ನೀನು ಓದಿ, ಅದರ ಹಿಂದೆಯೇ "ಡಿಯರ್ ಅಮ್ಮಾ, ನೋ ಮೋರ್ ಉಪ್ಪಿಟ್ಟು ಪ್ಲೀಸ್" ಎಂದು ಇಂಗ್ಲಿಷಿನಲ್ಲಿ ಉತ್ತರ ಬರೆದು ತರುತ್ತಿದ್ದೆ. ನಮ್ಮಿಬ್ಬರ ನಿಜವಾದ ಮಾತುಗಳೆಲ್ಲ ಹಾಗೆ ಕಾಗದದಲ್ಲೇ ಆಗಿವೆ. ಇದೂ ಹಾಗೇ ಆಗಲಿ.

ಮನೆಯ ಸಮಾಚಾರ ಮೊದಲು. ಟೊಮೇಟೊ ಈ ಸಲ ಬೇಡವೆಂದರೂ ಬಿಡದೆ ಬಿಟ್ಟಿದೆ. ಬಂದರಿನ ಶೈತ್ಯಾಗಾರದಲ್ಲಿ ನಿಮ್ಮಪ್ಪನಿಗೆ ಸೇಬಿನ ಕಾಲ ಶುರುವಾಗುತ್ತಿದೆ, ಇನ್ನು ಮೂರು ತಿಂಗಳು ಅವರ ಮುಖ ಕಾಣುವುದಿಲ್ಲ. ನಮ್ಮ ಹಳೆಯ ಯೂಟ್ ಗಾಡಿ ಮತ್ತೆ ಕೈಕೊಟ್ಟಿತು. "ಮಾರಿಬಿಡಿ" ಎಂದರೆ, "ನೀನು ನನ್ನ ಮಾರಿದ್ದೀಯಾ?" ಎನ್ನುತ್ತಾರೆ. ಮೌಂಟ್ ಆಲ್ಬರ್ಟಿನ ನಿನ್ನ ಫ್ಲ್ಯಾಟಿನಲ್ಲಿ ಈಗಲೂ ಬಿಸಿನೀರು ಬರಲು ಹತ್ತು ನಿಮಿಷ ನಲ್ಲಿ ತೆರೆದಿಡಬೇಕೇ? ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕು ಎಂದು ನಿನ್ನ ಜೊತೆಗಿರುವ ಗಾನವಿಗೆ ಹೇಳಿದ್ದೆ. ನಿನಗೆ ಹೇಳಿ ಪ್ರಯೋಜನವಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ನಿಮ್ಮ ಕಂಪನಿ ಚಿಲಿ ದೇಶದ ಒಂದು ಕಣಿವೆಯಲ್ಲಿ ಹಣ್ಣಿನ ತೋಟ ಕೊಳ್ಳಲು ಹೊರಟಿದೆ. ಆ ದೇಶದಲ್ಲಿ ನೆಲವೇ ಬೇರೆ, ನೀರೇ ಬೇರೆ. ನೆಲ ಮಾರದೆ ನೀರನ್ನಷ್ಟೇ ಮಾರಬಹುದು, ನೀರಿಲ್ಲದ ನೆಲವನ್ನೂ ಮಾರಬಹುದು. ಇದೇ ೨೧ನೇ ತಾರೀಖು ಶುಕ್ರವಾರ ನೀನು ವರದಿ ಒಪ್ಪಿಸಬೇಕು. ಮೊದಲ ಸಲ ನಿನ್ನ ಹೆಸರೊಂದೇ ಇರುವ ವರದಿ. ಕಣಿವೆಯ ಮೇಲಿನ ಕಾಲುವೆಯಲ್ಲಿ ಕಡುಬೇಸಿಗೆಯಲ್ಲೂ ನೀರು ಹರಿಯುತ್ತದೆ ಎಂದಾದರೆ, ಅದರ ತಲೆಯಲ್ಲಿ ಯಾರ ಹೆಸರಿಗೂ ಬರೆಸದ ಒರತೆಯೊಂದು ಇರಬೇಕು. ಹಾಗಿದ್ದರೆ ಅದನ್ನು ನಿಮ್ಮ ಕಂಪನಿ ತನ್ನ ಹೆಸರಿಗೆ ಬರೆಸಿಕೊಳ್ಳಲು ಅರ್ಜಿ ಹಾಕಬಹುದು, ನಿನಗೆ ಬಡ್ತಿಯೂ ಸಿಗಬಹುದು. ಆ ಕಣಿವೆಯವರೇ ಆದ ಒಬ್ಬರು ನಾನು ನರ್ಸಾಗಿರುವ ವೃದ್ಧರ ರೆಸ್ಟ್ ಹೋಮಿನಲ್ಲಿದ್ದಾರೆ. "ಅಮ್ಮಾ, ಜಸ್ಟ್ ಆಸ್ಕ್ ಹರ್, ಬೇಸಿಗೆಯಲ್ಲಿ ನೀರು ಇರುತ್ತಾ ಅಂತ." ಇಷ್ಟೇ ತಾನೇ?

ಎಲ್ಬಾ ಅಜ್ಜಿಯನ್ನು ನೀನು ಕ್ರಿಸ್‌ಮಸ್ಸಿಗೆ ಬಂದಾಗ ನೋಡಿದ್ದೀಯ. ಎಂಬತ್ತೆರಡು ವರ್ಷ, ಆರನೇ ನಂಬರ್ ಕೋಣೆ, ಕಿಟಕಿಯಲ್ಲಿ ಕೆಂಪು ಜೆರೇನಿಯಂ ಹೂವಿನ ಕುಂಡ. ಐವತ್ತು ವರ್ಷ ಈ ದೇಶದಲ್ಲಿದ್ದು, ಸೇಬು ತುಂಬುವ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವರು. ಈಗ ಮರೆವಿನ ಕಾಯಿಲೆಯಲ್ಲಿ ಇಂಗ್ಲಿಷು ದಿನಕ್ಕಿಷ್ಟು ಉದುರುತ್ತಿದೆ, ಕೆಳಗಿಂದ ಸ್ಪ್ಯಾನಿಷ್ ಮೇಲೇಳುತ್ತಿದೆ. ಬೇರೆ ನರ್ಸುಗಳು ಫೋನಿನಲ್ಲಿ ಅನುವಾದ ಹಾಕಿಕೊಂಡು ಒದ್ದಾಡುತ್ತಾರೆ. ನಾನು ಕನ್ನಡದಲ್ಲೇ ಮಾತಾಡುತ್ತೇನೆ. ಅವರು ಅವರ ಭಾಷೆಯಲ್ಲಿ ಒಂದು ಹೇಳುತ್ತಾರೆ, ನಾನು "ಹೌದಾ ಅಜ್ಜಿ? ಅಯ್ಯೋ ಪಾಪ" ಎನ್ನುತ್ತೇನೆ. ಮಧ್ಯೆ ಮಧ್ಯೆ ಇಬ್ಬರಿಗೂ ಗೊತ್ತಿರುವ ಇಂಗ್ಲಿಷು. ಇಬ್ಬರೂ ಸುಖವಾಗಿದ್ದೇವೆ. ನೀರು ಕೊಟ್ಟರೆ ಮೊದಲ ಗುಟುಕನ್ನು ಜೆರೇನಿಯಂಗೆ ಸುರಿದು ಆಮೇಲೆ ತಾವು ಕುಡಿಯುತ್ತಾರೆ. ಕಾರ್ಪೆಟ್ ಒದ್ದೆಯಾಗುತ್ತದೆ ಎಂದು ಮ್ಯಾನೇಜರಿಗೆ ಸಿಟ್ಟು. ನಾನು ಒರೆಸಿ ಸುಮ್ಮನಾಗುತ್ತೇನೆ.

ನಮ್ಮಿಬ್ಬರ ಗೆಳೆತನ ಶುರುವಾದದ್ದೇ ನೀರಿನಿಂದ. ಹೋದ ಚಳಿಗಾಲದಲ್ಲಿ ಒಂದು ದಿನ ಅವರು ಊಟದ ಪಟ್ಟಿಯ ಹಿಂದೆ ಗೆರೆ ಎಳೆಯುತ್ತ ಕೂತಿದ್ದರು. ಒಂದು ದಪ್ಪ ಗೆರೆ, ಅದರಿಂದ ಕವಲು, ಕವಲಿಗೆ ಅಡ್ಡಗೆರೆ, ಪಕ್ಕದಲ್ಲಿ ಸಣ್ಣ ಸಣ್ಣ ಮನೆ. ಉಳಿದವರಿಗೆ ಅದು ಗೀಚು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಇದು ಕಾಲುವೆಗಳ ಸರದಿ. ಯಾರಿಗೆ ಯಾವ ದಿನ ನೀರು ಎನ್ನುವುದರ ಲೆಕ್ಕ. ಅವರ ತಮ್ಮ ಸೆಗುಂದೊ ಹೆಗಲ ಮೇಲೆ ಸನಿಕೆ ಹೊತ್ತು ನಡೆದು, ಸರದಿಯಂತೆ ನೀರು ತಿರುಗಿಸುತ್ತಿದ್ದನಂತೆ. ನಾನು ಎದೆ ತಟ್ಟಿಕೊಂಡು "ಮೈ ಫಾದರ್! ಸೇಮ್ ಜಾಬ್!" ಎಂದೆ. ಅಜ್ಜಿ ನನ್ನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟರು.

ನಿನ್ನ ತಾತ ನೀರುಗಂಟಿ ಎಂದು ನಿನಗೆ ಗೊತ್ತು, ಆದರೆ ಅದೇನೆಂದು ನಾನು ಬಿಡಿಸಿ ಹೇಳಿಲ್ಲ. ಕೋಲಾರದ ಕಡೆಯ ನಮ್ಮೂರಲ್ಲಿ ಕೆರೆಯ ತೂಬು ಎತ್ತಿ, ಗದ್ದೆ ಗದ್ದೆಗೂ ನೀರು ಹಂಚುವ ಕೆಲಸ ನಮ್ಮ ಮನೆತನದ್ದು. ನಮಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಅದಕ್ಕೇ ನಮಗೆ ಆ ಕೆಲಸ: ಸ್ವಂತ ಗದ್ದೆ ಇದ್ದವನ ಕೈಗೆ ತೂಬು ಕೊಟ್ಟರೆ ನೀರು ಯಾವ ಕಡೆ ಹರಿಯುತ್ತದೆ ಎಂದು ಹಿರಿಯರಿಗೆ ಗೊತ್ತಿತ್ತು. ಸುಗ್ಗಿಯಲ್ಲಿ ಒಂದೊಂದು ಗದ್ದೆಯಿಂದ ಒಂದೊಂದು ಹೊರೆ ಭತ್ತ, ಅಷ್ಟೇ ಸಂಬಳ. ನೀರು ಕಡಿಮೆಯಾದ ವರ್ಷ ನಮ್ಮಪ್ಪ ಕೊನೆಯ ಗದ್ದೆಗೆ ಮೊದಲು ನೀರು ಬಿಡುತ್ತಿದ್ದ. ಗೌಡರು ರೇಗಿದರೆ, "ನೀರು ಯಾರ್ದೂ ಅಲ್ಲ ಸ್ವಾಮಿ, ಸರದಿ ಮಾತ್ರ ನಮ್ದು" ಎಂದು ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದ, ತಗ್ಗಿಸಿಕೊಂಡೇ ಕೊನೆಯ ಗದ್ದೆಗೆ ಹೋಗುತ್ತಿದ್ದ. ಇನ್ನೊಂದು ಮಾತು. ಅವನ ಕೈಯಿಂದ ಗದ್ದೆಗೆ ನೀರು ಬಿಡಿಸಿಕೊಳ್ಳುತ್ತಿದ್ದ ಆ ಜನ, ಅದೇ ಕೈಯಿಂದ ಒಂದು ಲೋಟ ನೀರು ತೆಗೆದುಕೊಂಡು ಕುಡಿಯುತ್ತಿರಲಿಲ್ಲ. ಜಾತಿ. ಆಗ ಅದು ನಮಗೆ ವಿಶೇಷವೆಂದೇ ಅನ್ನಿಸುತ್ತಿರಲಿಲ್ಲ.

ಕ್ರಿಸ್‌ಮಸ್ ದಿನ ಅಜ್ಜಿ ಬರೆದ ಆ ಗೆರೆಗಳನ್ನು ನಾನು ಜಂಬದಿಂದ ನಿನಗೆ ತೋರಿಸಿದೆ. ನೀನು ಕಣಿವೆಯ ಹೆಸರು ಕೇಳಿದೆ, ನಿನ್ನ ಕಣ್ಣು ಅಗಲವಾಯಿತು. ಫೋನಿನಲ್ಲಿ ಚಿತ್ರ ತೆಗೆದುಕೊಂಡೆ. "ಅಮ್ಮಾ, ಈ ಮೇಲಿನ ಗೆರೆ ಎಲ್ಲಿಂದ ಶುರುವಾಗುತ್ತೆ? ನದಿಗೆ ಸೇರೇ ಇಲ್ಲವಲ್ಲ" ಎಂದೆ. ನನ್ನ ಮಗಳು ಎಷ್ಟು ಚುರುಕು ಎಂದು ಹಿಗ್ಗಿದೆ. ಹಿಗ್ಗಿದವಳಿಗೆ ಬುದ್ಧಿ ಎಲ್ಲಿರುತ್ತದೆ?

ನಿನ್ನ ಸಂದೇಶ ಬಂದ ಮರುದಿನವೇ ಕೇಳಿದೆ ತೇಜೂ. ಬಿಡುವಿನ ಹೊತ್ತು, ಟೀ ಆಗಿತ್ತು. ಅಜ್ಜಿ ನನ್ನನ್ನು ನೋಡಿ "ರೋಸಾ" ಎಂದು ಕರೆದರು. ರೋಸಾ ಎಂದರೆ ಸೆಗುಂದೊನ ಹೆಂಡತಿ, ತೀರಿಹೋಗಿ ಎಷ್ಟೋ ವರ್ಷವಾಯಿತು. ಇಂಥ ಹೊತ್ತಿನಲ್ಲಿ ನಾವು ಮೆಲ್ಲಗೆ "ನಾನು ರತ್ನಾ" ಎನ್ನಬೇಕು, ಇಲ್ಲವೇ ಮಾತು ಬೇರೆ ಕಡೆ ತಿರುಗಿಸಬೇಕು. ಹೊಸ ಹುಡುಗಿಯರಿಗೆ ಅದನ್ನು ಕಲಿಸಿಕೊಡುವವಳೇ ನಾನು. ಅವತ್ತು ನಾನು "ಸೀ" ಎಂದೆ. ಹೌದು ಎಂದರ್ಥ. ಒಂದೇ ಅಕ್ಷರ. ಆಮೇಲೆ ಚಿತ್ರದ ಮೇಲಿನ ಗೆರೆ ತೋರಿಸಿ ಬೇಸಿಗೆಯ ನೀರು ಕೇಳಿದೆ.

ಅಜ್ಜಿ ಬಾಗಿಲ ಕಡೆ ನೋಡಿ, ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎಲ್ಲ ಹೇಳಿದರು. ತುಂಡು ಇಂಗ್ಲಿಷು, ತುಂಡು ಸ್ಪ್ಯಾನಿಷು, ಉಳಿದದ್ದು ಕೈ. ಹೇಳಿ ಮುಗಿಸಿ ತಮ್ಮ ತುಟಿಯ ಮೇಲೊಮ್ಮೆ, ನನ್ನ ತುಟಿಯ ಮೇಲೊಮ್ಮೆ ಬೆರಳಿಟ್ಟರು. ನೀರಿನ ವಿಷಯ ಏನು ಹೇಳಿದರೋ ಅದು ಪಕ್ಕಕ್ಕಿರಲಿ. ಅದು ಯಾಕೆ ಯಾರ ಹೆಸರಿನಲ್ಲೂ ಇಲ್ಲ ಎನ್ನುವುದನ್ನು ಮಾತ್ರ ನಿನಗೆ ಬರೆಯುತ್ತೇನೆ, ಯಾಕೆಂದರೆ ಅದು ನಿಮ್ಮ ಕಾಗದಪತ್ರಗಳಲ್ಲಿ ಇರಲಾರದು.

ಸೈನ್ಯದ ಜನರಲ್ ದೇಶವನ್ನು ಕಿತ್ತುಕೊಂಡಾಗ ಎಲ್ಬಾ ಅಜ್ಜಿಯ ಗಂಡ ಶಾಲೆಯ ಮೇಷ್ಟ್ರು, ಸಂಘದ ಕಾರ್ಯದರ್ಶಿ. ಒಂದು ಪಟ್ಟಿಯಲ್ಲಿ ಹೆಸರಿತ್ತು. ಅಷ್ಟಕ್ಕೇ ಎಳೆದುಕೊಂಡು ಹೋಗಿ ನಲವತ್ತು ದಿನ ಇಟ್ಟುಕೊಂಡರು. ಬಿಟ್ಟಾಗ ಎಡಗಿವಿ ಕೇಳಿಸುತ್ತಿರಲಿಲ್ಲವಂತೆ. ಗಂಡ ಹೆಂಡತಿ ತಪ್ಪಿಸಿಕೊಂಡು ಇಲ್ಲಿಗೆ ಬಂದರು. ಏಳೆಂಟು ವರ್ಷದ ಮೇಲೆ ಅದೇ ಸರ್ಕಾರ, ವಿದೇಶದಲ್ಲಿ ಓದಿ ಬಂದವರ ಮಾತು ಕೇಳಿ, ಹೊಸ ಕಾನೂನು ತಂದಿತು: ನೀರು ಇನ್ನು ಮಾರುವ ವಸ್ತು, ಬಳಸುವವರು ಕಚೇರಿಗೆ ಬಂದು ಹೆಸರು ಬರೆಸಿ. ಸೆಗುಂದೊ ಹೋದ. ಮೇಜಿನ ಹಿಂದೆ ಕೂತಿದ್ದವನು ಯಾರು ಗೊತ್ತೇ? ಭಾವನನ್ನು ಎಳೆದುಕೊಂಡು ಹೋಗಲು ಬಂದಿದ್ದವನೇ. ಆಗ ಸಮವಸ್ತ್ರ, ಈಗ ಟೈ. "ಹೆಸರು?" ಎಂದು ಕೇಳಿದನಂತೆ. ಸೆಗುಂದೊ ಟೋಪಿ ಎತ್ತಿಕೊಂಡು ವಾಪಸು ಬಂದ. ಊರಿನ ಮಿಕ್ಕವರೂ ಹೋಗಲಿಲ್ಲ. ಹೆಸರಿನ ಪಟ್ಟಿ ಎಂದರೆ ಉಚ್ಚೆ ಹೊಯ್ದುಕೊಳ್ಳುವ ಕಾಲದಲ್ಲಿ ಹೆಸರು ಬರೆಸಿ ಎಂದರೆ ಯಾರು ಬರೆಸುತ್ತಾರೆ ಮಗಳೇ? ಹೆದರಿಕೆ ಇಲ್ಲದವರು ಬರೆಸಿದರು. ನದಿ ಅವರದಾಯಿತು.

ಆಮೇಲೆ ಜನರಲ್ ಹೋದ, ಓಟು ಬಂತು, ಹಾಡು ಕುಣಿತ ಆಯಿತು. ನೀರಿನ ಪುಸ್ತಕ ಮಾತ್ರ ಅದೇ. ಅರಸು ಬದಲಾದರೂ ಶ್ಯಾನುಭೋಗರ ಪುಸ್ತಕ ಬದಲಾಗಲಿಲ್ಲ ಎಂದುಕೋ.

ನೀನು ಏನೆನ್ನುತ್ತೀಯೋ ನನಗೆ ಗೊತ್ತು. ಕ್ರಿಸ್‌ಮಸ್ ದಿನ ಪಾತ್ರೆ ತೊಳೆಯುತ್ತ ಹೇಳಿದ್ದೆಯಲ್ಲ: "ಅಮ್ಮಾ, ದಿಸ್ ಈಸ್ ನಾಟ್ ಸ್ಟೀಲಿಂಗ್. ಬೆಲೆ ಇಲ್ಲದ ನೀರು ಪೋಲಾಗುತ್ತೆ. ಆ ದೇಶ ಅದರಿಂದಲೇ ಶ್ರೀಮಂತ ಆಗಿದ್ದು, ಬಡತನ ಎಷ್ಟು ಇಳಿದಿದೆ ನೋಡು. ಆಮೇಲೆ ಅವರೂ ಕಾನೂನು ತಿದ್ದಿದ್ದಾರೆ. ನಾವಲ್ಲದಿದ್ರೆ ಇನ್ಯಾರೋ ತಗೋತಾರೆ, ನಾವಾದ್ರೆ ಊರಿಗೆ ಒಂದು ಪಾಲು ಬಿಡ್ತೀವಿ." ಸುಳ್ಳಲ್ಲ. ಅಜ್ಜಿಯೇ ಒಪ್ಪುತ್ತಾರೆ. ಸೆಗುಂದೊನ ಮೊಮ್ಮಗಳು ಹಣ್ಣಿನ ಕಂಪನಿಯ ಸಂಬಳದಲ್ಲೇ ಓದಿ ಔಷಧದಂಗಡಿ ಇಟ್ಟಿದ್ದಾಳಂತೆ. "ಮನೆಗೆ ಫ್ರಿಜ್ಜು ಬಂತು, ಫ್ರಿಜ್ಜಿನಲ್ಲಿಡುವ ನೀರು ಟ್ಯಾಂಕರಿನಲ್ಲಿ ಬಂತು" ಎಂದು ನಗುತ್ತಾರೆ. ಇಲ್ಲಿಯೂ ಎಂಬತ್ತರ ದಶಕದಲ್ಲಿ ರೈಲು, ಅಂಚೆ, ಎಲ್ಲವನ್ನೂ ಮಾರುಕಟ್ಟೆಯ ಕೈಗೆ ಕೊಟ್ಟಾಗ ರೈಲ್ವೆಯಲ್ಲಿದ್ದ ಅವರ ಗಂಡನ ಕೆಲಸ ಹೋಯಿತು. "ಅಲ್ಲಿ ಬಂದೂಕು ಹಿಡಿದು ಕುಡಿಸಿದ ಕಷಾಯವನ್ನು ಇಲ್ಲಿ ಓಟು ಹಾಕಿಸಿಕೊಂಡು ಕುಡಿಸಿದರು" ಎನ್ನುತ್ತಿದ್ದರಂತೆ ಆ ಮೇಷ್ಟ್ರು. ಕಷಾಯ ಕೆಲವರಿಗೆ ಹಿಡಿಯಿತು, ಕೆಲವರಿಗೆ ಹಿಡಿಯಲಿಲ್ಲ.

ನಾನು ಅರ್ಥಶಾಸ್ತ್ರ ಓದಿದವಳಲ್ಲ. ನಿನ್ನ ಮುಂದೆ ವಾದಕ್ಕೆ ನಿಂತರೆ ಐದು ನಿಮಿಷದಲ್ಲಿ ಸೋಲುತ್ತೇನೆ. ಆದರೂ ಕೇಳುತ್ತೇನೆ. ನಿನ್ನ ವರದಿಯಲ್ಲಿ ನೀರಿನ ಬೆಲೆಗೆ ಎಷ್ಟೋ ಪುಟಗಳಿರುತ್ತವೆ. ಅದು ಮೊದಲು ಯಾರ ಕೈಗೆ ಹೇಗೆ ಬಂತು, ಯಾರು ಯಾಕೆ ಬರೆಸಲಿಲ್ಲ ಎಂಬುದಕ್ಕೆ ಒಂದು ಪುಟ ಇದೆಯೇ?

ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಕೊಡುವುದಿಲ್ಲ. ಅಜ್ಜಿ ಅದನ್ನು ರೋಸಾಗೆ ಹೇಳಿದ್ದು, ನನಗಲ್ಲ. ಕೊಡುವುದಿಲ್ಲ ಎಂದರೇ ಅರ್ಧ ಉತ್ತರ ಕೊಟ್ಟಂತೆ ಎಂದು ನಿನ್ನಂಥ ಜಾಣೆಗೆ ಹೇಳಬೇಕಾಗಿಲ್ಲ. ಹದಿನೆಂಟು ದಿನ ಹಿಡಿದದ್ದು ಅದಕ್ಕೇ. "ಬತ್ತಿಹೋಗುತ್ತದಂತೆ" ಎಂದು ಒಂದು ಸುಳ್ಳು ಒತ್ತಿ ಕಳಿಸಿದ್ದರೆ ನಿನ್ನ ವರದಿಯೂ ಮುಗಿಯುತ್ತಿತ್ತು, ನನ್ನ ನಿದ್ದೆಯೂ ಉಳಿಯುತ್ತಿತ್ತು. ಬೆರಳು ಅಲ್ಲಿಯವರೆಗೆ ಹೋಗಿತ್ತು. ಆದರೆ ಮೋಸದಿಂದ ಇಸಿದುಕೊಂಡ ಮಾತನ್ನು ಮೋಸದಿಂದಲೇ ಮುಚ್ಚಲು ಮನಸ್ಸು ಬರಲಿಲ್ಲ. ನಿನ್ನನ್ನು ಚಿಕ್ಕವಳಂತೆ ಯಾಮಾರಿಸುವುದಕ್ಕಿಂತ ದೊಡ್ಡವಳೆಂದು ನಂಬುವುದು ಮೇಲು ಎನ್ನಿಸಿತು. ಆದ್ದರಿಂದ ಆ ಅರ್ಧ ಉತ್ತರ ಈಗ ನಿನ್ನ ಕೈಯಲ್ಲಿದೆ. ನಾಳೆಯೇ ಟಪಾಲಿಗೆ ಹಾಕುತ್ತೇನೆ, ಶುಕ್ರವಾರದೊಳಗೆ ತಲುಪುತ್ತದೆ. ನಿನ್ನ ವರದಿಗೆ ಇನ್ನೂ ಒಂದು ವಾರ ಇರುತ್ತದೆ. ಆ ಚಿತ್ರವನ್ನು ಫೋನಿನಿಂದ ಅಳಿಸು ಎಂದು ಕೇಳಿಕೊಳ್ಳಬಲ್ಲೆ, ಅಷ್ಟೇ. ಅಳಿಸಿದೆಯೋ ಇಲ್ಲವೋ ಎಂದು ನಾನು ಯಾವತ್ತೂ ಕೇಳುವುದಿಲ್ಲ.

ಬಡ್ತಿ ಸಿಕ್ಕರೂ ನೀನು ನನ್ನ ಮಗಳೇ, ಸಿಗದಿದ್ದರೂ ನನ್ನ ಮಗಳೇ. ಹೊತ್ತು ಹೊತ್ತಿಗೆ ಉಣ್ಣು. ಬರೀ ಟೋಸ್ಟು ತಿಂದು ಮಲಗಬೇಡ. ತಲೆಗೆ ಎಣ್ಣೆ ಹಾಕಿದರೆ ಆಫೀಸಿನಲ್ಲಿ ಯಾರೂ ಕೆಲಸದಿಂದ ತೆಗೆಯುವುದಿಲ್ಲ. ನೀನು ನಡೆದ ದಾರಿ ತಂಪಾಗಿರಲಿ, ನಿನ್ನ ಹಿಂದೆ ಬರುವವರಿಗೂ ತಂಪು ಉಳಿಯಲಿ.

ನಿನ್ನನ್ನೇ ನೆನೆಯುವ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸಹಿ ಹಾಕಿದ ಮೇಲೆ ಸ್ವಲ್ಪ ಧೈರ್ಯ ಬಂದಿದೆ. ನಿನಗೆ ನಾನು ಒಂದು ಸುಳ್ಳು ಹೇಳಿದ್ದೇನೆ. ತಾತನ ಕೆರೆ ಮಳೆಯಿಲ್ಲದೆ ಬತ್ತಿತು ಎಂದಿದ್ದೆ. ಅಲ್ಲ. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ವಿದೇಶಕ್ಕೆ ಗುಲಾಬಿ ಕಳಿಸುವ ಕಂಪನಿಯೊಂದು ನಮ್ಮೂರಿಗೆ ಬಂತು. ಕೆರೆ ಒಣಗಿದರೂ ಒಣಗದ ಒಂದು ಒರತೆ ಏರಿಯ ಕೆಳಗಿತ್ತು. ನಮ್ಮಪ್ಪನಿಗೆ ಗೊತ್ತಿತ್ತು, ಅವನ ಬೆನ್ನ ಹಿಂದೆ ಓಡಾಡಿದ ನನಗೆ ಗೊತ್ತಿತ್ತು. ಅಪ್ಪನನ್ನು ಕೇಳಿದರು, "ಗೊತ್ತಿಲ್ಲ ಸ್ವಾಮಿ" ಎಂದ. ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ಕೂರಲು ಕುರ್ಚಿ ಕೊಟ್ಟು. ಅದುವರೆಗೆ ಊರಿನ ಯಾರೂ ನಮ್ಮನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಿರಲಿಲ್ಲ ತೇಜೂ. ಆ ಕುರ್ಚಿಯ ಸುಖಕ್ಕೆ, ನನ್ನ ಮುರುಕು ಇಂಗ್ಲಿಷಿನ ಜಂಬಕ್ಕೆ, ನಾನು ಎದ್ದು ಹೋಗಿ ಜಾಗ ತೋರಿಸಿದೆ. ಅಲ್ಲೇ ಕೊಳವೆಬಾವಿ ಕೊರೆದರು. ನನ್ನ ನರ್ಸಿಂಗ್ ಫೀಸು ಕಟ್ಟಿದವರೂ ಅವರೇ. ಮೂರು ವರ್ಷಕ್ಕೆ ಕೆರೆ ಆಟದ ಮೈದಾನವಾಯಿತು.

ಅಪ್ಪ ನನ್ನನ್ನು ಬೈಯಲಿಲ್ಲ. ಮುಂಚಿನಂತೆಯೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ, ಕಾಲೇಜಿಗೆ ಹೊರಟರೆ ಬಸ್ಸಿನವರೆಗೆ ಬರುತ್ತಿದ್ದ. ಆದರೆ ಆ ದಿನದಿಂದ ನಾನು ನೀರು ತಂದುಕೊಟ್ಟರೆ, "ಇಡಮ್ಮ ಅಲ್ಲಿ" ಎನ್ನುತ್ತಿದ್ದ. ನಾನು ಆ ಕಡೆ ಹೋದ ಮೇಲೆ ಎದ್ದು, ತಾನೇ ಬೇರೆ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ಸಾಯುವವರೆಗೂ ನನ್ನ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ.

ಈಸ್ಟರಿಗೆ ಮನೆಗೆ ಬಾ. ಬಂದ ಕೂಡಲೇ ಚೀಲ ಕೆಳಗಿಡುವ ಮೊದಲು ನನಗೊಂದು ಲೋಟ ನೀರು ಕೊಡು ಮಗಳೇ. ನಿನ್ನ ಕೈಯಿಂದ ನಾನು ಕುಡಿಯಬೇಕು.